ಅಜೆಂಡಾ ನಂಬರ್ 7

ಹೋದ ತಿಂಗಳು ಊರಿನ ವಾಟ್ಸಾಪ್ ಗ್ರೂಪಿಗೆ ಗ್ರಾಮಸಭೆ ನೋಟಿಸಿನ ಫೋಟೋ ಬಂತು. ಇಂಥವನ್ನ ಯಾರೂ ಓದಲ್ಲ, ನಾನಂತೂ ದೊಡ್ಡದು ಮಾಡಿ ನೋಡೋದೂ ಇಲ್ಲ, ಗುಡ್ ಮಾರ್ನಿಂಗ್ ಹೂವುಗಳ ಮಧ್ಯ ಅದೂ ಮೇಲಕ್ಕೆ ಸರಿದು ಹೋಗುತ್ತೆ. ಆದ್ರೆ ಈ ಸಲ ಅದರ ಕೆಳಗೇ ಹೊಳೆಬದಿ ಮನೆ ಅಕ್ಕ ವಾಯ್ಸ್ ಮೆಸೇಜ್ ಹಾಕಿದ್ರು, "ಇದೆಂತ ಮಾರಾಯ್ರೆ ಈ 7ನೇದು, ನಮ್ಮನೆಗೆ ಬರೋ ರೋಡೇ ಮುಚ್ತಾರಂತಾ?" ಅಂತ. ಹಿಂದೆ ಕೋಳಿ ಕೂಗ್ತಾ ಇತ್ತು. ಆಗ ಫೋಟೋ ದೊಡ್ಡದು ಮಾಡಿ ನೋಡಿದೆ. 7ನೇ ವಿಷಯ, "ಕೈಮರದಿಂದ ಹೋಗುವ ಹಳೆಯ ಸಂಪರ್ಕ ರಸ್ತೆಯು ಸಂಚಾರಕ್ಕೆ ಯೋಗ್ಯವಿಲ್ಲದ ಕಾರಣ ಸದರಿ ರಸ್ತೆಯನ್ನು ಮುಚ್ಚುವ ಬಗ್ಗೆ ಚರ್ಚಿಸಿ ತೀರ್ಮಾನಿಸುವುದು." 6ನೇದು ಬೀದಿದೀಪ, 8ನೇದು ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯ. ನಡುವೆ ನಮ್ಮ ರೋಡು.

ಊರ ಹೆಸರು ಹೇಳಲ್ಲ, ತೀರ್ಥಹಳ್ಳಿ ಕೊಪ್ಪ ಕಡೆಯವರಿಗೆ ಇಂಥ ಊರು ಹತ್ತು ಗೊತ್ತಿರುತ್ತೆ, ಯಾವುದಾದ್ರೂ ಒಂದು ಅಂದ್ಕೊಳ್ಳಿ. ಕೈಮರದಲ್ಲಿ ಬಸ್ಸಿಳಿದ್ರೆ ಎಡಕ್ಕೆ ಹಳೇ ರೋಡು, 3 ಕಿಲೋಮೀಟರ್, ಇಳೀತಾ ಇಳೀತಾ ಹಳ್ಳ ದಾಟಿ ಮತ್ತೆ ಏರಿದ್ರೆ ನಮ್ಮ ಕೇರಿ. ಹೊಸ ರೋಡಲ್ಲಿ ಬಂದ್ರೆ 7 ಕಿಲೋಮೀಟರ್ ಸುತ್ತು. ಹೊಸ ರೋಡು ಅಂದ್ರೆ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೇದು. ಅದು ನಮಗೋಸ್ಕರ ಆಗಿದ್ದೇನಲ್ಲ, ಪಕ್ಕದೂರಿಗೆ ಮಳೆಗಾಲದಲ್ಲಿ ಹೋಗೋಕೆ ದಾರೀನೇ ಇರ್ಲಿಲ್ಲ, ಅಲ್ಲಿಗೆ ಬಂದಿದ್ದನ್ನ ಆಮೇಲೆ ಹೆಂಗೋ ಎಳೆದು ನಮ್ಮೂರಿಗೂ ಸೇರಿಸಿದ್ರು. ಆ ಯೋಜನೇಲಿ ಜಾಗಕ್ಕೆ ದುಡ್ಡು ಕೊಡೋ ಪದ್ಧತಿ ಇಲ್ಲ, ಊರವರೇ ಬಿಟ್ಟುಕೊಡಬೇಕು. ನಮ್ಮಪ್ಪ ತೋಟದ ಅಂಚಿನ ಹದಿನಾಲ್ಕು ಅಡಿಕೆ ಮರ ಕಡಿಸಿ ಜಾಗ ಬಿಟ್ರು, ಫಸಲು ಬರೋ ಮರಗಳು, ಅಮ್ಮ ಅವತ್ತು ಊಟ ಮಾಡ್ಲಿಲ್ಲ. ಇದನ್ನ ಯಾಕೆ ಈಗಲೇ ಹೇಳ್ತಿದೀನಿ ಅಂದ್ರೆ ಸಭೇಲಿ ಅಪ್ಪ ಏನು ಮಾಡಿದ್ರು ಅಂತ ಹೇಳುವಾಗ ನೀವು ಅವರ ಮೇಲೆ ಸಿಟ್ಟಾಗಬಾರ್ದು ಅಂತ.

ಹಳೇ ರೋಡು ಒಂದು ಕಾಲದಲ್ಲಿ ಹೆಂಗಿತ್ತು ಗೊತ್ತಾ. ಬಸ್ ಬರ್ತಿತ್ತು ಅದ್ರಲ್ಲಿ! ಸಹಕಾರ ಸಾರಿಗೆ, ಕೊಪ್ಪದ್ದು, ಕಾರ್ಮಿಕರೇ ಸೇರಿ 1991ರಲ್ಲಿ ಶುರು ಮಾಡಿದ್ದ ಸಂಸ್ಥೆ, ಮಲೆನಾಡಲ್ಲಿ ಬೇರೆ ಯಾರೂ ಹೋಗದ ಮೂಲೆಗಳಿಗೆಲ್ಲ ಹೋಗ್ತಿತ್ತು. ಬೆಳಿಗ್ಗೆ ಒಂದು, ಸಂಜೆ ಒಂದು. ನಾವು ಹೈಸ್ಕೂಲಿಗೆ ಹೋಗಿದ್ದೇ ಅದ್ರಲ್ಲಿ, ಕಂಡಕ್ಟರಣ್ಣನಿಗೆ ಪ್ರತಿ ಮನೆ ಗೊತ್ತು, ಯಾರಾದ್ರೂ ಲೇಟಾದ್ರೆ ದಣಪೆ, ಅಂದ್ರೆ ಬಿದಿರು ಗಳದ ಗೇಟಿನ ಹತ್ರ ನಿಲ್ಸಿ ಹಾರ್ನ್ ಹೊಡೆಸೋನು, ಹುಡುಗ ಒಂದು ಕೈಲಿ ದೋಸೆ ಒಂದು ಕೈಲಿ ಬ್ಯಾಗು ಹಿಡ್ಕೊಂಡು ಓಡಿ ಬರೋನು. ಆ ಸಂಸ್ಥೆ 2020ರಲ್ಲಿ ನಿಂತು ಹೋಯ್ತು. ಅದರ ಹಿಂದೇನೇ ಕೊರೋನಾ. ಆಮೇಲೆ ಬೇರೆ ಬಸ್ ಬರ್ಲಿಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದಾಗ ಟೀವೀಲಿ ಹೆಂಗಸರೆಲ್ಲ ಫ್ರೀ ಟಿಕೆಟ್ ತೋರಿಸ್ತಿದ್ರೆ ಹೊಳೆಬದಿ ಅಕ್ಕ, "ಟಿಕೆಟ್ ಫ್ರೀ ಕೊಟ್ಟಿದಾರೆ, ಬಸ್ಸೊಂದು ಕೊಡೋದು ಮರ್ತಿದಾರೆ" ಅಂದಿದ್ರು.

ರೋಡು ಸಾಯೋದು ಹಿಂಗೇ ಅಂತ ನಂಗೀಗ ಅನ್ಸುತ್ತೆ. ಮೊದಲು ಬಸ್ ಹೋಗುತ್ತೆ. ಬಸ್ ಇದ್ದಾಗ ಗುಂಡಿ ಬಿದ್ರೆ ಡ್ರೈವರ್ ಬೈತಾನೆ, ಹಿಂಗೇ ಇದ್ರೆ ನಾಳೆಯಿಂದ ಬರಲ್ಲ ಅಂತಾನೆ, ಊರವರು ಹೋಗಿ ಮೆಂಬರ್ ಮನೆ ಮುಂದೆ ನಿಲ್ತಾರೆ. ಬಸ್ ಹೋದ್ಮೇಲೆ ಬೈಯೋರು ಯಾರು? ಕಾರಿರೋರು ಹೊಸ ರೋಡಿಗೆ ತಿರುಗಿದ್ರು, ಬೈಕಿನವರು ಹೆಂಗೋ ಗುಂಡಿ ತಪ್ಪಿಸ್ತಾರೆ, ಉಳಿದಿದ್ದು ದಾರಿ ಪಕ್ಕದ ಆರು ಮನೆ. ಆರು ಮನೆ ಓಟು ಹಾಕಿದ್ರೆಷ್ಟು ಬಿಟ್ರೆಷ್ಟು.

ಗ್ರಾಮಸಭೆ ದಿನ ರಜ ಹಾಕಿ ಹೋದೆ. ಹನ್ನೊಂದು ಗಂಟೆ ಅಂದಿದ್ದು ಹನ್ನೆರಡೂವರೆಗೆ ಶುರುವಾಯ್ತು. ಶಾಲೆ ಹಾಲು, ಪ್ಲಾಸ್ಟಿಕ್ ಕುರ್ಚಿ, ನೋಡಲ್ ಅಧಿಕಾರಿಯಾಗಿ ಬಂದವರು ದನದ ಡಾಕ್ಟ್ರು, ಪಾಪ ಅವರ ಹತ್ರ ಸಭೆಗಿಂತ ಮೊದಲೇ ನಾಲ್ಕು ಜನ ದನದ ಕೆಚ್ಚಲು ಬಾವಿಗೆ ಔಷಧಿ ಕೇಳಿ ಆಗಿತ್ತು. ಮನೆ ಹಂಚಿಕೆ ಪಟ್ಟಿ ವಿಷಯದಲ್ಲಿ ಒಂದು ಗಂಟೆ ಜಗಳ, ಬೀದಿದೀಪದಲ್ಲಿ ಅರ್ಧ ಗಂಟೆ, 7ನೇ ವಿಷಯಕ್ಕೆ ಬರುವಾಗ ಎಲ್ಲರಿಗೂ ಹಸಿವು.

ಮೊದಲು ಪಿಡಿಒ, ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ವಿಷಯ ಇಟ್ರು. ಮಳೆಗಾಲಕ್ಕೆ ಮುಂಚೆ ಒಬ್ಬ ಹುಡುಗ ರಾತ್ರಿ ಬೈಕಲ್ಲಿ ಬರುವಾಗ ರೋಡಿನಡಿ ನೀರು ಹೋಗೋ ಮೋರಿ ಹತ್ರ ಬಿದ್ದು ಕಾಲು ಮುರ್ಕೊಂಡ, ಮನೆಯವರು ಪರಿಹಾರ ಕೇಳಿ ಅರ್ಜಿ ಕೊಟ್ಟಿದ್ದಾರೆ. ಅದಲ್ಲದೆ ಹೋಂಸ್ಟೇಗೆ ಬರೋ ಬೆಂಗಳೂರಿನ ಕಾರುಗಳಿಗೆ ಗೂಗಲ್ ಮ್ಯಾಪು ಇದೇ ಹತ್ರ ಅಂತ ಹಳೇ ರೋಡನ್ನ ತೋರಿಸುತ್ತೆ, ವಾರಕ್ಕೊಂದು ಕಾರು ಹಳ್ಳದ ಇಳಿಜಾರಲ್ಲಿ ಹೂತ್ಕೊಳ್ಳುತ್ತೆ, ಮೇಲ್ಮನೆ ಅಣ್ಣನ ಜೀಪಿಗೆ ಅದನ್ನ ಎಳೆಯೋದೇ ಒಂದು ಪಾರ್ಟ್ ಟೈಮ್ ಉದ್ಯೋಗ ಆಗಿದೆ. ಇದಕ್ಕೆ ಎಲ್ಲರೂ ನಕ್ಕರು. ಮೇಲ್ಮನೆ ಅಣ್ಣ ನಗಲಿಲ್ಲ, "ಡೀಸಲ್ ದುಡ್ಡೂ ಕೊಡಲ್ಲ ಅವ್ರು, ಥ್ಯಾಂಕ್ಸ್ ಬ್ರೋ ಅಂತಾರೆ" ಅಂದ್ರು.

ಆಮೇಲೆ ದುಡ್ಡಿನ ಲೆಕ್ಕ. ಇಲ್ಲಿ ನಾನು ಪಿಡಿಒ ಪರ ಒಂದು ಮಾತು ಹೇಳ್ಬೇಕು. ಪಂಚಾಯ್ತಿಗೆ ಲಕ್ಷಗಟ್ಟಲೆ ಬರುತ್ತೆ ಎಲ್ಲ ತಿಂತಾರೆ ಅಂತ ನಾವು ಸುಲಭವಾಗಿ ಅಂದ್ಬಿಡ್ತೀವಿ. ಆದ್ರೆ 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60 ಪರ್ಸೆಂಟ್ ಕುಡಿಯೋ ನೀರು ಮತ್ತೆ ನೈರ್ಮಲ್ಯಕ್ಕೇ ಖರ್ಚು ಮಾಡ್ಬೇಕು ಅಂತ ಕಟ್ಟುಪಾಡಿತ್ತು, ಉಳಿದ 40ರಲ್ಲಿ ಎಲ್ಲ ವಾರ್ಡಿನವರ ಕೈಯೂ ಇರ್ತಿತ್ತು. ನರೇಗಾದಲ್ಲಿ ಕೂಲಿ 60, ಸಾಮಗ್ರಿ 40 ಅನ್ನೋ ಲೆಕ್ಕ ಇತ್ತು, ಅದ್ರಲ್ಲಿ ಚರಂಡಿ ತೋಡಬಹುದಿತ್ತು ಮಣ್ಣು ಹಾಕಬಹುದಿತ್ತು, ಡಾಂಬರು ಹಾಕೋ ಕತೆ ಇರ್ಲಿಲ್ಲ. ಸಂವಿಧಾನದ 11ನೇ ಷೆಡ್ಯೂಲಲ್ಲಿ ಪಂಚಾಯ್ತಿಗಳಿಗೆ ಕೊಡಬಹುದಾದ 29 ವಿಷಯದಲ್ಲಿ ರಸ್ತೆ, ಮೋರಿ, ಸೇತುವೆ, ದೋಣಿದಾರಿ ಎಲ್ಲ ಸೇರಿಸಿ 13ನೇದು ಅಂತ ಬರೆದಿಟ್ಟಿದ್ದಾರೆ, ಬರೆಯೋಕೆ ಎಂತ. "ಸಾರ್, ಇದು ಹಳ್ಳಿ ರಸ್ತೆ, ಪಿಡಬ್ಲ್ಯೂಡಿಗೂ ಬರಲ್ಲ, ಜಿಲ್ಲಾ ಪಂಚಾಯ್ತಿ ಪಟ್ಟೀಲಿ ನಮ್ದೇ ಅಂತಿದೆ, ರಿಪೇರಿ ಮಾಡೋಕೆ ದುಡ್ಡಿಲ್ಲ, ಯಾರಾದ್ರೂ ಬಿದ್ರೆ ಜವಾಬ್ದಾರಿ ಮಾತ್ರ ನಮ್ದು" ಅಂತ ಪಿಡಿಒ ಹೇಳಿದಾಗ ನಂಗೆ ನಿಜಕ್ಕೂ ಎಂತ ಹೇಳೋದು ತಿಳೀಲಿಲ್ಲ.

ಅಷ್ಟರಲ್ಲಿ ಹೊಳೆಬದಿ ಅಕ್ಕ ಎದ್ದು ನಿಂತ್ರು. ಅವರ ಅತ್ತೆಗೆ ಎಂಬತ್ತರ ಮೇಲೆ, ಉಬ್ಬಸ. 108ರವನು ಫೋನಲ್ಲೇ, "ಅಮ್ಮ ಆ ರೋಡಿಗೆ ಬರೋಕಾಗಲ್ಲ, ಕೈಮರಕ್ಕೆ ಕರ್ಕೊಂಡು ಬನ್ನಿ" ಅಂದನಂತೆ, ಪಿಕಪ್ಪಲ್ಲಿ ಹಿಂದೆ ಹಾಸಿಗೆ ಹಾಸಿ ಮಲಗಿಸಿಕೊಂಡು ಹೋದ್ರಂತೆ. "ರೋಡು ಸರಿ ಇಲ್ಲ ಅಂತ ಗೊತ್ತು ಸಾರ್, ಸರಿ ಮಾಡಿ ಅಂತ ಎಂಟು ವರ್ಷದಿಂದ ಅರ್ಜಿ ಕೊಡ್ತಿದೀವಿ, ಅದಕ್ಕೆ ಉತ್ತರ ಮುಚ್ಚೋದಾ?" ಅಂದ್ರು. ಮೆಂಬರೊಬ್ಬರು, ಹೊಸ ರೋಡಿನ ಕಡೆಯವರು, "ಅಕ್ಕ ನಿಮ್ಮ ಮನೆಗೆ ತೋಟದ ಮೇಲಿಂದ ಹೊಸ ರೋಡಿಗೆ ದಾರಿ ಮಾಡ್ಕೋಬಹುದಲ್ಲ" ಅಂದ್ರು. "ಮಾಡ್ಕೋಬಹುದು, ನಡುವೆ ಇರೋ ತೋಟ ನಿಮ್ಮ ಭಾವಂದು, ಕೇಳಿ ನೋಡಿ" ಅಂದ್ರು ಅಕ್ಕ. ಅಲ್ಲಿಗೆ ಆ ಮಾತು ನಿಂತಿತು.

ಹೊಸ ರೋಡಿನವರ ವಾದ ಪೊಳ್ಳೇನಲ್ಲ, ನಿಜ ಹೇಳ್ಬೇಕಂದ್ರೆ ಇಡೀ ಸಭೇಲಿ ಗಟ್ಟಿ ಮಾತು ಅದೇ. ಸಡಕ್ ಯೋಜನೆ ರೋಡಿಗೆ ಕಂಟ್ರಾಕ್ಟರೇ 5 ವರ್ಷ ನಿರ್ವಹಣೆ ಮಾಡ್ಬೇಕು ಅಂತ ಕರಾರು ಇರುತ್ತೆ, ನೀಲಿ ಬೋರ್ಡಲ್ಲಿ ಬರೆದಿರ್ತಾರೆ. ನಮ್ಮದರ 5 ವರ್ಷ ಮುಗಿದಿದೆ. ಈಗಾಗಲೇ ಎರಡು ತಿರುವಲ್ಲಿ ಅಂಚು ಒಡೆದಿದೆ. "ಎರಡು ರೋಡೂ ಉಳಿಸ್ತೀವಿ ಅಂತ ಹೋದ್ರೆ ಎರಡೂ ಹೋಗ್ತವೆ, ಇರೋ ಚೂರು ದುಡ್ಡನ್ನ ಒಂದಕ್ಕೇ ಹಾಕಿ." ಈ ಮಾತು ಹೇಳಿದ್ದು ಯಾರು ಅಂದ್ರೆ ನಮ್ಮಪ್ಪ. ಕೂತಲ್ಲೇ, ಯಾರ ಮುಖಾನೂ ನೋಡದೆ, ಟವೆಲ್ ಮಡಿಸ್ತಾ ಹೇಳಿದ್ರು. ಹೊಳೆಬದಿ ಅಕ್ಕ ತಿರುಗಿ ಅಪ್ಪನ್ನ ನೋಡಿದ್ರು. ನಾನು ನನ್ನ ಮೊಬೈಲ್ ನೋಡಿದೆ. ಹದಿನಾಲ್ಕು ಮರ ಕೊಟ್ಟ ಮನುಷ್ಯ, ಆ ರೋಡೂ ಹಾಳಾದ್ರೆ ಎಂತಕ್ಕೆ ಕೊಟ್ಟಂಗಾಯ್ತು ಅಂತ ಅವರಿಗೆ ಅನ್ಸಿದ್ರೆ ತಪ್ಪಾ?

ಇಷ್ಟೊತ್ತೂ ಹಿಂದಿನ ಬೆಂಚಲ್ಲಿ ಸರ್ವೇಯರ್ ಅಜ್ಜ ಸುಮ್ನೆ ಕೂತಿದ್ರು. ರಿಟೈರಾಗಿ ಇಪ್ಪತ್ತು ವರ್ಷ ಆಯ್ತು, ಆದ್ರೂ ಬೇಲಿ ಜಗಳ ಬಂದ್ರೆ ಊರವರು ಮೊದಲು ಹೋಗೋದು ಅವರ ಹತ್ರಾನೇ. ಕಂಕುಳಲ್ಲಿ ಒಂದು ಪಿವಿಸಿ ಪೈಪಿನ ತುಂಡು, ಅದರೊಳಗಿಂದ ಗ್ರಾಮ ನಕಾಶೆಯ ಜೆರಾಕ್ಸ್ ತೆಗೆದು ಮೇಜಿನ ಮೇಲೆ ಬಿಡಿಸಿದ್ರು, ನಾಲ್ಕು ಮೂಲೆಗೆ ನಾಲ್ಕು ಟೀ ಗ್ಲಾಸ್ ಇಟ್ರು. "ನೋಡಿ ಇಲ್ಲಿ, ಜೋಡಿ ಚುಕ್ಕೆ ಗೆರೆ. ಇದು ಬಂಡಿದಾರಿ. ನಕಾಶೆ ಕಂಡ ದಾರಿ ಇದು, ಪಂಚಾಯ್ತಿ ಹುಟ್ಟೋಕೆ ಮುಂಚೆ ಇದ್ದಿದ್ದು. ನೀವು ಠರಾವು ಮಾಡಿ ಮುಚ್ಚೋಕೆ ಇದೇನು ನಿಮ್ಮ ಪಂಚಾಯ್ತಿ ಬಾಗಿಲಾ?"

ಅವರು ಹೇಳಿದ್ದನ್ನ ಆಮೇಲೆ ಮನೆಗೆ ಬಂದು ನಾನೂ ಸ್ವಲ್ಪ ಓದಿ ನೋಡಿದೆ, ಅಜ್ಜ ಸರಿಯಾಗೇ ಹೇಳಿದ್ರು. ಕರ್ನಾಟಕ ಭೂ ಕಂದಾಯ ಕಾಯ್ದೆ 1964, ಅದರ 67ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿ ಎಲ್ಲ ಸರ್ಕಾರದ ಸ್ವತ್ತು. ಅಂಥ ದಾರಿ ಜನರಿಗೆ ಬೇಡವಾಗಿದೆ, ಅದರ ಮೇಲಿರೋ ಹಕ್ಕು ತೆಗೆದು ಹಾಕ್ಬೇಕು ಅಂದ್ರೆ 68ನೇ ಸೆಕ್ಷನ್, ಅದಕ್ಕೆ ನೋಟಿಸು, ಆಕ್ಷೇಪಣೆ, ವಿಚಾರಣೆ, ದೊಡ್ಡ ಕತೆ. ಇನ್ನು ವಾಹನ ಮಾತ್ರ ನಿಲ್ಲಿಸಬೇಕು ಅಂದ್ರೆ ಅದೇ ಬೇರೆ ಕಾನೂನು, ಮೋಟಾರು ವಾಹನ ಕಾಯ್ದೆ 1988ರ 115ನೇ ಸೆಕ್ಷನ್, ನಮ್ಮಲ್ಲಿ ಅದರಡಿ ಆದೇಶ ಹೊರಡಿಸೋದು ಡಿಸಿ. ಪೇಪರಲ್ಲಿ ಪ್ರತಿ ಮಳೆಗಾಲ ಓದ್ತೀವಲ್ಲ, ಆಗುಂಬೆ ಘಾಟೀಲಿ ಭಾರಿ ವಾಹನ ನಿಷೇಧ ಅಂತ, ಅದು. 2019ರ ಆಗಸ್ಟಲ್ಲಿ ಧರೆ ಕುಸಿದು ಚಾರ್ಮಾಡಿ ಬಂದ್ ಆಗಿತ್ತಲ್ಲ, ಅದಕ್ಕೂ ಮುಂಚೆ 2015ರಲ್ಲಿ ಮತ್ತೆ 2018ರಲ್ಲಿ ಕಾಂಕ್ರೀಟ್ ಹಾಕೋಕೆ ಶಿರಾಡಿನ ತಿಂಗಳುಗಟ್ಟಲೆ ಮುಚ್ಚಿದ್ರಲ್ಲ, ಅವೆಲ್ಲ ಮುಚ್ಚಿದ್ದು ಮತ್ತೆ ತೆರೆಯೋಕೆ. ಶಿರಾಡಿ ಮುಚ್ಚಿದಾಗ ಮಂಗಳೂರಿಂದ ಬೆಂಗಳೂರಿನವರೆಗೆ ಎಲ್ಲರೂ ಯಾವಾಗ ತೆಗೀತೀರಿ ಅಂತ ದಿನಾ ಕೇಳ್ತಿದ್ರು. ನಮ್ಮ ಮೋರಿಗೆ ಹಂಗೆ ಕೇಳೋರಿಲ್ಲ, ಇದನ್ನ ಮುಚ್ಚಿದ್ರೆ ಮುಗೀತು. ಮುಚ್ಚೋದರಲ್ಲಿ ಮೂರನೇ ಬಗೆ, ರೋಡನ್ನ ನಿರ್ವಹಣೆ ಪಟ್ಟಿಯಿಂದ ಕೈಬಿಡೋದು. ಅಂದ್ರೆ ದಾರಿ ಇರುತ್ತೆ, ಹಕ್ಕೂ ಇರುತ್ತೆ, ಗುದ್ದಲಿ ಹಿಡ್ಕೊಂಡು ಯಾರೂ ಬರಲ್ಲ. ನೋಟಿಸಲ್ಲಿ "ಮುಚ್ಚುವ" ಅಂತ ಒಂದೇ ಪದದಲ್ಲಿ ಈ ಮೂರನ್ನೂ ಕಲಸಿ ಇಟ್ಟಿದ್ರು, ಸಭೇಲಿ ಅರ್ಧ ಜಗಳ ಆಗಿದ್ದೂ ಅದಕ್ಕೇ, ಒಬ್ಬೊಬ್ಬರು ಒಂದೊಂದು ಮುಚ್ಚೋದರ ಬಗ್ಗೆ ಮಾತಾಡ್ತಿದ್ರು.

ಮೂರನೇದಂತೂ ಯಾವ ಠರಾವೂ ಇಲ್ದೆ ಎಂಟು ವರ್ಷದ ಹಿಂದೇನೇ ಆಗೋಗಿದೆ ಅಂತ ನಂಗೆ ಅನ್ಸಿದ್ದು.

ಇಲ್ಲೊಂದು ಅಡ್ಡಮಾತು. ನನ್ನ ಚಿಕ್ಕಪ್ಪನ ಮಗ ಅಮೆರಿಕಾದ ಅಯೋವಾದಲ್ಲಿದ್ದಾನೆ, ಬರೀ ಜೋಳದ ಹೊಲ ಇರೋ ರಾಜ್ಯ. ಅವನಿಗೆ ಈ ಕತೆ ಹೇಳಿದ್ರೆ ನಕ್ಕ. ಅಲ್ಲೂ ಇದೇ ಜಗಳವಂತೆ. ಅಲ್ಲಿ ಕೌಂಟಿಯವರು ಹಳ್ಳಿ ರೋಡುಗಳಿಗೆ ಎ, ಬಿ, ಸಿ ಅಂತ ದರ್ಜೆ ಕೊಡ್ತಾರೆ. ಎ ಅಂದ್ರೆ ಪೂರ್ತಿ ನಿರ್ವಹಣೆ. ಬಿ ಅಂದ್ರೆ ಕನಿಷ್ಠ ನಿರ್ವಹಣೆ, ರೋಡಿನ ಬಾಯಲ್ಲೇ ಬೋರ್ಡ್ ಹಾಕಿರ್ತಾರೆ, ಬಂದ್ರೆ ನಿಮ್ಮ ಜವಾಬ್ದಾರಿ ಮೇಲೆ ಬನ್ನಿ ಅಂತ. ಸಿ ಅಂದ್ರೆ ಗೇಟು, ಅಕ್ಕಪಕ್ಕದ ಜಮೀನಿನವರಿಗೆ ಮಾತ್ರ. ದರ್ಜೆ ಇಳಿಸೋಕೆ ಮುಂಚೆ ಜನರನ್ನ ಕರೆದು ಕೇಳ್ಬೇಕು, ಅಲ್ಲೂ ಹಿಂಗೇ ಕುರ್ಚಿ ಹಾಕ್ಕೊಂಡು ಬಾಯಿ ಮಾಡ್ತಾರಂತೆ, ಕೋಳಿ ಒಂದಿರಲ್ಲ ಅಷ್ಟೇ. ನಂಗೆ ಇಷ್ಟ ಆಗಿದ್ದು ಆ ಬೋರ್ಡು. ನಾವು ಇದನ್ನ ನೋಡ್ಕೊಳ್ಳಲ್ಲ ಅಂತ ಬರೆದು ಹಾಕೋಕೂ ಒಂದು ಧೈರ್ಯ ಬೇಕು. ನಮ್ಮಲ್ಲಿ ನೋಡ್ಕೊಳ್ತೀವಿ ಅಂತ ಕಾಗದದಲ್ಲಿ, ನೋಡ್ಕೊಳ್ಳಲ್ಲ ಅಂತ ರೋಡಲ್ಲಿ.

ಸಭೆಗೆ ವಾಪಸ್ ಬರ್ತೀನಿ. ಅಜ್ಜನ ನಕಾಶೆ ನೋಡಿ ಪಿಡಿಒ ಸ್ವಲ್ಪ ಹಿಂದೆ ಸರಿದ್ರು, ತಾಲ್ಲೂಕಿಗೆ ಬರೆದು ಕೇಳ್ತೀವಿ ಅಂದ್ರು. ಆದ್ರೂ ಹೊಸ ರೋಡಿನ ಮೆಂಬರು ಬಿಡಲಿಲ್ಲ, "ಹಂಗಾದ್ರೆ ಮೋರಿ ಹತ್ರ ಒಂದು ಟ್ರೆಂಚ್ ಹೊಡೆಸೋಣ, ನಡ್ಕೊಂಡು ಹೋಗೋರು ಹೋಗ್ಲಿ" ಅಂದ್ರು. ತುಂಬ ಜನ ಹೂಂ ಅಂದ್ರು, ಊಟದ ಹೊತ್ತು ಮೀರಿತ್ತು. ಆಗ ಇಡೀ ಸಭೇಲಿ ಒಂದು ಸಲಾನೂ ಬಾಯಿ ತೆಗೀದ ಒಬ್ಬರು, ಊರಲ್ಲಿ ಯಾರು ಸತ್ರೂ ಮೊದಲು ಹೋಗಿ ಬಿದಿರು ಕಡಿಯೋರು, ಕೂತಲ್ಲಿಂದಲೇ ಕೇಳಿದ್ರು, "ಸುಡುಗಾಡು ಯಾವ ರೋಡಲ್ಲಿದೆ?"

ಹಳೇ ರೋಡಲ್ಲಿದೆ. ಹಳ್ಳ ದಾಟಿ ಬಲಕ್ಕೆ.

"ಕಟ್ಟಿಗೆ ಪಿಕಪ್ಪಲ್ಲಿ ತರ್ತೀವಿ ಈಗ. ಟ್ರೆಂಚ್ ಹೊಡೆದ್ರೆ ಕಟ್ಟಿಗೆ ತಲೆ ಮೇಲೆ ಹೊರೋಕೆ ಈಗ ಊರಲ್ಲಿ ಹುಡುಗರು ಎಲ್ಲಿದಾರೆ?" ಅಂದ್ರು. ಯಾರೂ ಮಾತಾಡ್ಲಿಲ್ಲ. ದನದ ಡಾಕ್ಟ್ರು ಪೆನ್ನಿನ ಕ್ಯಾಪ್ ಹಾಕಿದ್ರು. ಊರಲ್ಲಿ ಹುಡುಗರಿಲ್ಲ ಅಂದಾಗ ನಾಲ್ಕೈದು ಜನ ನನ್ನ ಕಡೆ ನೋಡಿದಂಗೆ ಅನಿಸ್ತು, ನೋಡಿದ್ರೋ ಇಲ್ವೋ ಗೊತ್ತಿಲ್ಲ.

ನಡಾವಳಿ ಪುಸ್ತಕದಲ್ಲಿ "ಸುದೀರ್ಘವಾಗಿ ಚರ್ಚಿಸಿ, ಮೇಲಾಧಿಕಾರಿಗಳ ಮಾರ್ಗದರ್ಶನ ಪಡೆದು ಮುಂದಿನ ಸಭೆಯಲ್ಲಿ ತೀರ್ಮಾನಿಸಲು ಮುಂದೂಡಲಾಯಿತು" ಅಂತ ಬರೆದ್ರು. ಭಾರಿ ವಾಹನ ನಿಲ್ಲಿಸೋಕೆ ಪತ್ರ ಬರೆಯೋದು ಅಂತ ಇನ್ನೊಂದು ಸಾಲು. ಅದು ನಾನು ಹೇಳಿ ಸೇರಿಸಿದ್ದು, ನನ್ನ ಒಂದೇ ಕೊಡುಗೆ. ಯಾಕಂದ್ರೆ ಆ ರೋಡನ್ನ ಹಾಳು ಮಾಡಿದ್ದು ನಾಟಾ ಲಾರಿಗಳು. ನಾನು ಓದಿದ್ದು ಸಿವಿಲ್, ಮಾಡ್ತಿರೋದು ಸಾಫ್ಟ್‌ವೇರ್, ಆದ್ರೂ ಒಂದು ವಿಷಯ ತಲೇಲಿ ಉಳಿದಿದೆ, ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದ್ರೆ ರೋಡಿಗೆ ಬೀಳೋ ಪೆಟ್ಟು ಎರಡು ಪಟ್ಟಲ್ಲ, ಸುಮಾರು 16 ಪಟ್ಟು. ಹತ್ತು ವರ್ಷ ನಮ್ಮ ಮಾರುತಿ ಓಡಾಡಿ ಮಾಡದ ಗಾಯವನ್ನ ಅಕೇಶಿಯಾ ತುಂಬಿದ ಲಾರಿ ಒಂದು ಸೀಸನ್ನಲ್ಲಿ ಮಾಡುತ್ತೆ. ಲಾರಿ ಯಾರ ಪ್ಲಾಂಟೇಷನ್ನಿಂದ ಬಂತು ಅಂತ ಕೇಳೋಕೆ ಹೋದ್ರೆ ಸಭೇಲಿ ಕೂತ ಅರ್ಧ ಜನ ನೆಲ ನೋಡ್ತಾರೆ, ಅದು ಬೇಡ ಈಗ.

ಮರುದಿನ ಬೆಳಿಗ್ಗೆ ಮೋರಿ ನೋಡೋಕೆ ಹೋದೆ. ನಡ್ಕೊಂಡೇ ಹೋದೆ. ಒಪ್ಕೋತೀನಿ, ಆ ರೋಡಲ್ಲಿ ನಾನು ಕಾಲಿಟ್ಟು ಮೂರು ವರ್ಷ ಆಗಿತ್ತು. ಊರಿಗೆ ಬಂದಾಗೆಲ್ಲ ಹೊಸ ರೋಡಲ್ಲೇ ಬರೋದು, ಕಾರಿನ ಹೊಟ್ಟೆ ತಾಗುತ್ತೆ ಅಂತ. ಸಂಚಾರಕ್ಕೆ ಯೋಗ್ಯವಿಲ್ಲ ಅಂತ ಪಂಚಾಯ್ತಿಯವರು ಬರೆದಿದ್ದಾರಲ್ಲ, ಆ ರೋಡನ್ನ ಬಿಟ್ಟವರ ಲೆಕ್ಕದಲ್ಲಿ ನಾನೂ ಒಬ್ಬ.

ಡಾಂಬರು ಅಂತ ಹೇಳೋಕೆ ಅಲ್ಲಲ್ಲಿ ಕಪ್ಪು ತೇಪೆ ಉಳಿದಿದೆ, ಮಿಕ್ಕಿದ್ದೆಲ್ಲ ಎದ್ದ ಜಲ್ಲಿ, ಜಲ್ಲಿ ಸಂದೀಲಿ ನಾಚಿಕೆ ಮುಳ್ಳು. ಚರಂಡಿ ಪೂರ್ತಿ ತುಂಬಿ ಅದ್ರಲ್ಲಿ ಜರೀಗಿಡ ಸೊಂಪಾಗಿ ಬೆಳೆದಿದೆ. ರೋಡು ಮಧ್ಯ ಸ್ವಲ್ಪ ಉಬ್ಬಿರಬೇಕು, ನೀರು ಎರಡೂ ಕಡೆ ಇಳಿದು ಚರಂಡಿ ಸೇರಬೇಕು, ಇದು ಉಲ್ಟಾ ಆಗಿದೆ, ಮಧ್ಯಾನೇ ತಗ್ಗು, ರೋಡೇ ಚರಂಡಿ. ನಮ್ಮ ಕಡೆ ಮಳೆ ಅಂದ್ರೆ ನಿಮಗೆ ಗೊತ್ತಲ್ಲ, ಜೂನಲ್ಲಿ ಶುರುವಾದ್ರೆ ದಿನಗಟ್ಟಲೆ ಬಿಡದೆ ಸುರಿಯೋದು, ಆ ನೀರಿಗೆ ದಾರಿ ಕೊಡದಿದ್ರೆ ಅದೇ ದಾರಿ ಮಾಡ್ಕೊಳ್ಳುತ್ತೆ.

ಮೋರಿ ಹತ್ರ ಸರ್ವೇಯರ್ ಅಜ್ಜ ಆಗಲೇ ಬಂದು ಕೂತಿದ್ರು, ಕಂಬಳಿಕೊಪ್ಪೆ ಒಂದಿಲ್ಲ ಅಷ್ಟೇ, ಕೈಲಿ ಕತ್ತಿ ಇತ್ತು. "ಬಾ ಇಂಜಿನಿಯರ್ರೆ, ನೋಡು ನಿಮ್ಮ ಅಯೋಗ್ಯ ರಸ್ತೆನ" ಅಂದ್ರು. ಮೋರಿ ಅಂದ್ರೆ ದೊಡ್ಡದೇನಲ್ಲ, ಎರಡಡಿ ಅಗಲದ ಸಿಮೆಂಟ್ ಪೈಪು, ಎರಡು ಕಡೆ ಜಂಬಿಟ್ಟಿಗೆ ಕಟ್ಟೆ. ನಾನು ಇಳಿದು ಮೇಲ್ಗಡೆ ಬಾಯಿ ನೋಡಿದೆ. ಪೈಪೇ ಕಾಣಲ್ಲ. ಮೇಲಿನ ತೋಟದಿಂದ ಬಂದ ಅಡಿಕೆ ಹಾಳೆಗಳು ಒಂದರ ಮೇಲೊಂದು ಕೂತು, ಅದರ ಮೇಲೆ ಮಣ್ಣು ಕೂತು, ನಡುವೆ ಒಂದು ಗೊಬ್ಬರದ ಪ್ಲಾಸ್ಟಿಕ್ ಚೀಲ ಸಿಕ್ಕಿ, ಡಾಟು ಹಾಕಿದಂಗೆ ಗಟ್ಟಿಯಾಗಿದೆ. ಚೀಲ ಎಳೆದ್ರೆ ಬರಲಿಲ್ಲ. ಅಜ್ಜ ಕತ್ತಿ ಕೊಟ್ರು. ಹಾಳೆ ಕಡಿದು ಕಡಿದು ತೆಗೆದಂಗೆಲ್ಲ ಒಳಗಿಂದ ಕೊಳೆತ ವಾಸನೆ, ಒಂದು ಏಡಿ ಓಡ್ತು, ಆಮೇಲೆ ಒಂದು ಹಾರ್ಲಿಕ್ಸ್ ಬಾಟ್ಲಿ, ಒಂದು ಕಾಲಿನ ಹವಾಯಿ ಚಪ್ಪಲಿ. ಅರ್ಧ ಗಂಟೇಲಿ ಮೊಣಕೈಯಷ್ಟು ತೂತಾಯ್ತು. ನಿಂತ ನೀರು ಗೊಳಕ್ ಅಂತ ಒಳಗೆ ಎಳೆದುಕೊಂಡು, ಸ್ವಲ್ಪ ಹೊತ್ತಾದ್ಮೇಲೆ ಆಚೆ ಬಾಯಲ್ಲಿ ಕೆಂಪಗೆ ಬಂತು.

ಇಷ್ಟೇ ಆಗಿದ್ದು ಅಲ್ಲಿ. ಪೈಪು ಕಟ್ಟಿತು, ನೀರು ಮೇಲೆ ಹತ್ತಿ ರೋಡಿನ ಮೇಲೆ ಹರೀತು, ಕೆಳಗಿನ ಕಟ್ಟೆ ಕೊರೆದು ಬಿತ್ತು, ಅರ್ಧ ರೋಡು ಅದರ ಜೊತೆ ಹೋಯ್ತು, ಬೈಕಿನ ಹುಡುಗ ರಾತ್ರಿ ಅದರೊಳಗೆ ಬಿದ್ದ. ಈಗ ಸರಿ ಮಾಡೋಕೆ ಲಕ್ಷಗಟ್ಟಲೆ ಬೇಕು, ರಿಟೈನಿಂಗ್ ವಾಲು ಅದೂ ಇದೂ. ಶುರುವಲ್ಲಿ ಒಂದು ಕತ್ತಿ ಸಾಕಿತ್ತು. ಹಿಂದೆ ಮೇ ತಿಂಗಳ ಕೊನೇಲಿ ಮನೆಗೊಂದಾಳು ಅಂತ ಹೋಗಿ ಚರಂಡಿ ಬಿಡಿಸ್ತಿದ್ವಿ, ಹೊಳೆಬದಿ ಮನೇಲಿ ಅವಲಕ್ಕಿ ಮಜ್ಜಿಗೆ ಕೊಡೋರು. ಅದು ಯಾವಾಗ ನಿಂತಿತು ಅಂತ ಅಜ್ಜನ್ನ ಕೇಳಿದೆ. "ಪಂಚಾಯ್ತಿಯಿಂದ ಮಾಡಿಸ್ತೀವಿ ಅಂದ್ರಲ್ಲ, ಆ ವರ್ಷ" ಅಂದ್ರು. ಅದನ್ನ ಅವರು ತಮಾಷೆಗೆ ಹೇಳಿದ್ರೋ ಬೇಜಾರಿಗೋ ಮುಖ ನೋಡಿ ತಿಳೀಲಿಲ್ಲ.

ಹಾಳೆ ಬಂದಿದ್ದು ಯಾವ ತೋಟದಿಂದ ಅಂತ ಮೇಲೆ ನೋಡಿದೆ. ನಮ್ಮದೇ.

ಅಪ್ಪನಿಗೆ ಮನೆಗೆ ಬಂದು ಹೇಳಿದೆ, ನಮ್ಮ ಹಾಳೆ ಅಪ್ಪ ಮೋರಿ ಕಟ್ಟಿದ್ದು ಅಂತ. ಅವರು ಕಾಫಿ ಕುಡೀತಾ, "ಮಳೇಲಿ ಹಾಳೆ ಎಲ್ಲಿ ಹೋಗುತ್ತೆ ಅಂತ ಹಿಂದೆ ಹೋಗೋಕಾಗುತ್ತಾ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಆ ಚೀಲ ನಮ್ಮದಲ್ಲ, ನಾವು ಆ ಕಂಪನಿ ಗೊಬ್ಬರ ತರಲ್ಲ" ಅಂತ ಸೇರಿಸಿದ್ರು.

ಮೊನ್ನೆ ವೀಕೆಂಡ್ ಮತ್ತೆ ಹೋಗಿದ್ದೆ. ತಾಲ್ಲೂಕಿನಿಂದ ಎಂತದೂ ಉತ್ತರ ಬಂದಿಲ್ಲ, ಮುಂದಿನ ಸಭೆ ಯಾವಾಗ ಅಂತಾನೂ ಗೊತ್ತಿಲ್ಲ, ನೋಟಿಸು ಗ್ರೂಪಿಗೆ ಬಂದ್ರೆ ಈ ಸಲ ನೋಡ್ತೀನಿ. ಸಂಜೆ ಹಳೇ ರೋಡಲ್ಲಿ ವಾಕಿಂಗ್ ಹೊರಟೆ. ಹಳ್ಳದ ಹತ್ರ ಇಳಿಯೋ ಮುಂಚೆ ರೋಡಿಗೆ ಅಡ್ಡ ಒಂದು ದಣಪೆ ಬಂದಿದೆ. ಎರಡು ಗೂಟ, ಮೂರು ಬಿದಿರು ಗಳ. ಯಾರು ಹಾಕಿದ್ದು ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ, ದನ ತೋಟಕ್ಕೆ ನುಗ್ತವೆ ಅಂತ ಯಾರೋ ಹಾಕಿರ್ಬೇಕು ಅಂತಾರೆ, ಕಾರಿನವರು ಬರಬಾರ್ದು ಅಂತ ಮೇಲ್ಮನೆ ಅಣ್ಣನೇ ಹಾಕಿದ್ದು ಅಂತಾನೂ ಅಂತಾರೆ. ನಾನು ಮೇಲಿನ ಎರಡು ಗಳ ಸರಿಸಿ ಆಚೆ ದಾಟಿದೆ. ದಾಟಿದೋನು ತಿರುಗಿ ನಿಂತು, ಚಿಕ್ಕಂದಿನಿಂದ ಬಂದ ಅಭ್ಯಾಸ, ದಣಪೆ ತೆಗೆದೋರೇ ಹಾಕ್ಬೇಕು ಅಂತ ಅಮ್ಮ ಬೈದು ಬೈದು ಕಲಿಸಿದ್ದು, ಎರಡೂ ಗಳ ವಾಪಸ್ ತೂತಿಗೆ ಸೇರಿಸಿ ಕೈ ಒರೆಸ್ಕೊಂಡೆ.